ಸ್ಕ್ರ್ಯಾಪ್‌ಬುಕ್ ಶುರು ಮಾಡ್ತೀರಾ? ಮೊದಲು ಆಲ್ಬಂ ಹಾಳೆ ನೋಡಿ

ಸ್ಕ್ರ್ಯಾಪ್‌ಬುಕ್ ಅಂದರೆ ಫೋಟೋ, ಟಿಕೆಟ್, ಪೇಪರಿನ ತುಣುಕು ಇಂಥವನ್ನು ಜೋಡಿಸಿ, ಪಕ್ಕದಲ್ಲಿ ನೆನಪುಗಳನ್ನು ಬರೆದು, ಅಲಂಕರಿಸಿ ಇಡುವ ಆಲ್ಬಂ. ಅದನ್ನು ಶುರು ಮಾಡುವ ಮೊದಲು, ಮನೆಯಲ್ಲಿ 80ರ ದಶಕದ ಫೋಟೋ ಆಲ್ಬಂ ಇದ್ದರೆ ಒಮ್ಮೆ ತೆಗೆದು ನೋಡಿ. ದಪ್ಪ ರಟ್ಟಿನ ಹಾಳೆ, ಅದರ ಮೇಲೆ ಸಾಲುಸಾಲಾಗಿ ಅಂಟು, ಅದರ ಮೇಲೆ ಎಳೆದು ಮುಚ್ಚುವ ಪ್ಲಾಸ್ಟಿಕ್ ಪರದೆ. ಆಗ ಇದು ದೊಡ್ಡ ಅನುಕೂಲವಾಗಿತ್ತು. ಗೋಂದು ಬೇಡ, ಕತ್ತರಿ ಬೇಡ, ಫೋಟೋ ಇಟ್ಟು ಪರದೆ ಎಳೆದರೆ ಕೆಲಸ ಮುಗೀತು. ಈಗ ನೋಡಿದರೆ ಆ ಅಂಟಿನ ಗೆರೆಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ, ಫೋಟೋ ಕೀಳೋಕೆ ಹೋದರೆ ಹರಿಯುತ್ತದೆ, ಪರದೆ ಹಳದಿಯಾಗಿರುತ್ತದೆ. ಅದಕ್ಕಿಂತಲೂ ಹಳೆಯದು, ಕಪ್ಪು ಹಾಳೆಯ ಮೇಲೆ ಪುಟ್ಟ ಕಾಗದದ ಮೂಲೆಗಳಿಗೆ ಸಿಕ್ಕಿಸಿ ಕೂರಿಸಿದ ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಫೋಟೋ, ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗಟ್ಟಿಯಾಗಿದೆ.

ಹಳೇದು ಉಳಿದು ಹೊಸದು ಕೆಟ್ಟಿದ್ದು ಯಾಕೆ? ಒಂದು ಕಾರಣ ಫೋಟೋದಲ್ಲೇ ಇದೆ. ಕಪ್ಪು-ಬಿಳುಪು ಚಿತ್ರ ಮೂಡುವುದು ಬೆಳ್ಳಿಯ ಸಣ್ಣ ಕಣಗಳಿಂದ. ಕಲರ್ ಫೋಟೋದಲ್ಲಿ ಇರುವುದು ಬಣ್ಣದ ರಾಸಾಯನಿಕಗಳು, ಅವು ಕತ್ತಲಲ್ಲಿ ಇಟ್ಟರೂ ನಿಧಾನವಾಗಿ ಒಡೆಯುತ್ತವೆ. 70-80ರ ದಶಕದ ಕಲರ್ ಫೋಟೋಗಳಲ್ಲಿ ನೀಲಿ-ಹಸಿರು ಬಣ್ಣವೇ ಮೊದಲು ಮಾಸುತ್ತಿತ್ತು, ಅದಕ್ಕೇ ಆ ಕಾಲದ ಮದುವೆ ಫೋಟೋದಲ್ಲಿ ಎಲ್ಲರೂ ಕೆಂಪುಕೆಂಪಾಗಿ ಕಾಣುತ್ತಾರೆ. ಆದರೆ ಇನ್ನೊಂದು ದೊಡ್ಡ ಕಾರಣ ಇದೆ, ಮತ್ತು ಅದು ನಮ್ಮ ಕೈಯಲ್ಲೇ ಇರುವಂಥದ್ದು: ಫೋಟೋಗೆ ಇಷ್ಟು ವರ್ಷ ಏನು ತಾಗಿಕೊಂಡಿತ್ತು ಅನ್ನೋದು.

ಸ್ಕ್ರ್ಯಾಪ್‌ಬುಕ್ ಮಾಡಬೇಕು ಅಂತ ಆಸೆಪಟ್ಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಸ್ಟಿಕರ್, ಲೇಸು, ಬಣ್ಣದ ಟೇಪು. ನಾನು ಹೇಳುವುದು ಅದಕ್ಕೆ ತಿರುಗಾಮುರುಗಾ. ಮೊದಲು ಆಲ್ಬಂ, ಆಮೇಲೆ ಅಂಟು ಮತ್ತು ಪೆನ್ನು, ಅಲಂಕಾರ ಕಟ್ಟಕಡೆಗೆ.

ಕಾಗದದಿಂದ ಶುರು ಮಾಡೋಣ. ಕಾಗದ ಅಂದರೆ ಸೆಲ್ಯುಲೋಸ್ ಅನ್ನುವ ಉದ್ದುದ್ದ ಸರಪಳಿಯಂಥ ಅಣುಗಳ ನಾರು. ಮರದಲ್ಲಿ ಈ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಅಂತ ಇನ್ನೊಂದು ವಸ್ತು ಇರುತ್ತದೆ, ನಾರುಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಮರಕ್ಕೆ ಗಟ್ಟಿತನ ಕೊಡುವುದು ಅದೇ. ಒಳ್ಳೆ ಕಾಗದ ಮಾಡುವಾಗ ಲಿಗ್ನಿನ್ ತೆಗೆದುಹಾಕುತ್ತಾರೆ. ನ್ಯೂಸ್‌ಪ್ರಿಂಟ್‌ನಂಥ ಅಗ್ಗದ ಕಾಗದದಲ್ಲಿ ಮರವನ್ನು ಅರೆದು ಹಾಗೇ ಬಳಸುವುದರಿಂದ ಅದು ಉಳಿದುಬಿಡುತ್ತದೆ. ಬೆಳಕು, ಗಾಳಿ ತಾಗಿದಂತೆ ಲಿಗ್ನಿನ್ ಹಳದಿಯಾಗುತ್ತದೆ, ಜೊತೆಗೆ ಆಮ್ಲವನ್ನೂ ಹುಟ್ಟಿಸುತ್ತದೆ. ಕಿಟಕಿ ಹತ್ತಿರ ಇಟ್ಟ ಪೇಪರ್ ಕೆಲವೇ ದಿನದಲ್ಲಿ ಬಣ್ಣ ಬದಲಿಸುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ?

ಆಮ್ಲ ಬರುವ ದಾರಿ ಇನ್ನೊಂದಿದೆ. ಶಾಯಿ ಹರಡದಿರಲಿ ಅಂತ ಕಾಗದಕ್ಕೆ ಒಂದು ಲೇಪ ಬೇಕಾಗುತ್ತದೆ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಫ್ರೆಡ್ರಿಕ್ ಇಲ್ಲಿಗ್ ಇದಕ್ಕೆ ರಾಳ ಮತ್ತು ಪಟಿಕ ಬಳಸುವ ವಿಧಾನ ಪ್ರಕಟಿಸಿದರು. ಅಗ್ಗ, ಸುಲಭ, ಹಾಗಾಗಿ ಜಗತ್ತಿನ ತುಂಬಾ ಹರಡಿತು. ಆದರೆ ಪಟಿಕ ಅಂದರೆ ಆಮ್ಲೀಯ. ಆಮ್ಲ ಸೆಲ್ಯುಲೋಸ್ ಸರಪಳಿಯನ್ನು ತುಂಡು ತುಂಡು ಮಾಡುತ್ತಾ ಹೋಗುತ್ತದೆ, ನೂರು ವರ್ಷ ಹಳೆಯ ಪುಸ್ತಕದ ಹಾಳೆ ಮಡಚಿದರೆ ಪಟ್ಟನೆ ಮುರಿಯುವುದು ಇದಕ್ಕೇ. ಅಮೆರಿಕದ ವಿಲಿಯಂ ಬ್ಯಾರೋ 20ನೇ ಶತಮಾನದ ನಡುವಿನಲ್ಲಿ ಪುಸ್ತಕದ ಕಾಗದಗಳನ್ನು ಪರೀಕ್ಷೆ ಮಾಡಿ ಈ ಆಮ್ಲದ ಕಡೆಗೆ ಎಲ್ಲರ ಗಮನ ಸೆಳೆದರು. ಆಮೇಲೆ ನಿಧಾನವಾಗಿ ಆಮ್ಲವಿಲ್ಲದ ಕಾಗದ ಬಂತು. ಈಗ ಒಳ್ಳೆ ಹಾಳೆಗಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಬೆರೆಸುತ್ತಾರೆ. ಸುಣ್ಣದ ಕಲ್ಲಿನಲ್ಲಿ ಇರುವುದು ಇದೇ ವಸ್ತು. ಮುಂದೆ ಎಲ್ಲಿಂದಾದರೂ ಆಮ್ಲ ಬಂದರೆ ಅದು ಹೀರಿಕೊಳ್ಳುತ್ತದೆ.

ಹಾಗಾಗಿ ಆಲ್ಬಂ ಹಾಳೆ ಕೊಳ್ಳುವಾಗ ಎರಡು ಮಾತು ಹುಡುಕಿ: ಆಸಿಡ್ ಫ್ರೀ, ಲಿಗ್ನಿನ್ ಫ್ರೀ. ಒಂದೇ ಇದ್ದರೆ ಸಾಲದು, ಎರಡೂ ಬೇಕು. ಹತ್ತಿ ಬಟ್ಟೆಯ ತುಣುಕಿನಿಂದ ಮಾಡಿದ ಕೈಕಾಗದದಲ್ಲಿ ಲಿಗ್ನಿನ್ ತಂಟೆ ಹೆಚ್ಚುಕಡಿಮೆ ಇರೋದೇ ಇಲ್ಲ, ಜೈಪುರದ ಹತ್ತಿರದ ಸಾಂಗಾನೇರ್‌ನಲ್ಲಿ, ಪುದುಚೇರಿಯಲ್ಲಿ ಇಂಥ ಕಾಗದ ತಯಾರಾಗುತ್ತದೆ, ನೋಡೋಕೂ ಚೆಂದ. ಆದರೆ ಹೂವಿನ ಎಸಳು, ಹುಲ್ಲು, ಎಲೆ ಸೇರಿಸಿದ್ದು ಬೇಡ. ಮನೆಯಲ್ಲೇ ಆಮ್ಲ ಪರೀಕ್ಷೆ ಮಾಡಬಹುದಾ ಅಂದರೆ, ಅರಿಶಿನದಿಂದ ಆಗಲ್ಲ. ಅದು ಕ್ಷಾರಕ್ಕೆ ಮಾತ್ರ ಕೆಂಪಾಗುತ್ತದೆ, ಆಮ್ಲಕ್ಕೆ ಹಳದಿಯಾಗಿಯೇ ಇರುತ್ತದೆ. ಇದಕ್ಕೆಂದೇ ಪಿಎಚ್ ಪೆನ್ನು ಅಂತ ಸಿಗುತ್ತದೆ. ಹಾಳೆಯ ಮೂಲೆಯಲ್ಲಿ ಗೀಚಿದರೆ ಆಮ್ಲವಿದ್ದರೆ ಹಳದಿ, ಇಲ್ಲದಿದ್ದರೆ ನೇರಳೆ.

ಇನ್ನು ಫೋಟೋ, ಪುಟ ಹಾಕಿಡುವ ಪ್ಲಾಸ್ಟಿಕ್ ಕವರು. ನನ್ನ ಪ್ರಕಾರ ಕಾಗದಕ್ಕಿಂತ ಜಾಸ್ತಿ ಮೋಸ ಆಗುವುದು ಇಲ್ಲೇ. ಪಿವಿಸಿ ಅನ್ನುವ ಪ್ಲಾಸ್ಟಿಕ್ ತಾನಾಗಿ ಗಡುಸು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಆ ಎಣ್ಣೆ ಹೊರಗೆ ಒಸರಿ ಫೋಟೋಗೆ ಅಂಟುತ್ತದೆ, ಜೊತೆಗೆ ಪಿವಿಸಿ ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಗುರುತಿಸುವುದು ಕಷ್ಟವಲ್ಲ. ಹೊಸ ರೇನ್‌ಕೋಟಿನ ಘಾಟು ವಾಸನೆ ಗೊತ್ತಲ್ಲ, ಕವರಿಗೂ ಅದೇ ವಾಸನೆ ಇದ್ದರೆ ಕೆಳಗಿಟ್ಟುಬಿಡಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಈ ಮೂರರಲ್ಲಿ ಯಾವುದಾದರೂ ಸರಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಮೂರು-ನಾಲ್ಕು ತೂತಿನ ಫೈಲಿಗೆ ಹಾಕುವ ಪಾರದರ್ಶಕ ಕವರುಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್‌ನವೇ. ಪ್ಯಾಕೆಟ್ ಮೇಲೆ ಪಿಪಿ ಅಂತ ಇದೆಯಾ ನೋಡಿ.

ಹಳೇ ಅಂಟು ಆಲ್ಬಮ್ಮಿನಿಂದ ಫೋಟೋ ಬಿಡಿಸಬೇಕಾ? ಮೊದಲು ಇಡೀ ಪುಟವನ್ನು ಹಾಗೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಹರಿದರೂ ಚಿತ್ರ ಉಳಿಯಲಿ. ಆಮೇಲೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರವನ್ನು ಒಂದು ಮೂಲೆಯಿಂದ ಫೋಟೋ ಅಡಿಗೆ ತೂರಿಸಿ, ಗರಗಸ ಆಡಿಸುವ ಹಾಗೆ ಸಾವಕಾಶವಾಗಿ ಎಳೆಯಿರಿ. ಫೋಟೋವನ್ನು ಬಗ್ಗಿಸಬೇಡಿ, ಒತ್ತಾಯ ಮಾಡಬೇಡಿ. ಬರದಿದ್ದರೆ ಬಿಟ್ಟುಬಿಡಿ.

ಕೊಳ್ಳುವಾಗ ಕವರಿನ ಮೇಲೆ ಇನ್ನೊಂದು ಮಾತು ಕಂಡರೆ ಖುಷಿಪಡಿ: ಪಿಎಟಿ (ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್) ಪಾಸ್. ಇದು ಫೋಟೋಗೆ ತಾಗುವ ಕಾಗದ, ಅಂಟು, ಪ್ಲಾಸ್ಟಿಕ್ ಇವುಗಳಿಗೆ ಮಾಡುವ ಅಂತಾರಾಷ್ಟ್ರೀಯ ಪರೀಕ್ಷೆ, ಐಎಸ್‌ಒ 18916. ಅಮೆರಿಕದ ರೋಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಈ ಕೆಲಸದಲ್ಲಿ ಹೆಸರುವಾಸಿ. ವಸ್ತುವನ್ನು ಬೆಳ್ಳಿಯ ಕಣಗಳಿರುವ ಸೂಕ್ಷ್ಮ ಫಿಲ್ಮ್ ಜೊತೆ ಒತ್ತಿಟ್ಟು, 70 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 86 ತೇವದಲ್ಲಿ 15 ದಿನ ಬಿಡುತ್ತಾರೆ. ಬಿಸಿ ಹೆಚ್ಚಿದಂತೆ ರಾಸಾಯನಿಕ ಕ್ರಿಯೆಯ ವೇಗವೂ ಏರುವುದರಿಂದ, ವರ್ಷಗಟ್ಟಲೆ ಆಗಬೇಕಾದ ಹಾನಿ ಆ ಹದಿನೈದು ದಿನದಲ್ಲೇ ಕಾಣಿಸಿಕೊಳ್ಳುತ್ತದೆ. 'ಆಸಿಡ್ ಫ್ರೀ' ಅನ್ನುವ ಸ್ಟಿಕರ್ ಯಾರು ಬೇಕಾದರೂ ಹಚ್ಚಬಹುದು, ಪಿಎಟಿಗೆ ಪರೀಕ್ಷೆಯ ಬೆಂಬಲ ಇರುತ್ತದೆ.

ಈಗಿನ ಸ್ಕ್ರ್ಯಾಪ್‌ಬುಕ್ ಹವ್ಯಾಸಕ್ಕೆ ಅಮೆರಿಕದ ಯೂಟಾ ರಾಜ್ಯವೇ ತವರು. ಅದಕ್ಕೂ ಮುಂಚೆ, 1873ರಲ್ಲಿ, ಲೇಖಕ ಮಾರ್ಕ್ ಟ್ವೇನ್ ಮೊದಲೇ ಅಂಟು ಬಳಿದ ಹಾಳೆಗಳ ಸ್ಕ್ರ್ಯಾಪ್‌ಬುಕ್‌ಗೆ ಪೇಟೆಂಟ್ ಪಡೆದಿದ್ದರು. ಆದರೆ ಇವತ್ತು ನಾವು ನೋಡುವ ರೀತಿಯದ್ದು ಜೋರಾಗಿದ್ದು ಯೂಟಾದ ಮೇರಿಯಲಿನ್ ಕ್ರಿಸ್ಟೆನ್‌ಸನ್ ಅನ್ನುವವರಿಂದ. ಅವರು ತಮ್ಮ ಮನೆಯವರ ಫೋಟೋ ಪುಟಗಳನ್ನು ಕವರಿನೊಳಗೆ ಹಾಕಿ, ಮೂರು ರಿಂಗಿನ ಫೈಲುಗಳಲ್ಲಿ ಜೋಡಿಸುತ್ತಿದ್ದರು. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ವಂಶಾವಳಿ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ಇಂಥ 50ಕ್ಕೂ ಹೆಚ್ಚು ಸಂಪುಟಗಳನ್ನು ತೋರಿಸಿದರು. ಮರುವರ್ಷ ಅಂಗಡಿಯನ್ನೇ ತೆರೆದರು. ಗಮನಿಸಿ, ಅವರದ್ದು ಬರೀ ಫೈಲು ಮತ್ತು ಕವರು. ಅದು ಇಂದಿಗೂ ಒಳ್ಳೆಯ ದಾರಿಯೇ.

ಅಮೆರಿಕದಲ್ಲಿ 12 ಇಂಚಿನ ಚೌಕದ ಆಲ್ಬಂ ಜನಪ್ರಿಯ. ಒಂದೇ ಪುಟದಲ್ಲಿ ನಾಲ್ಕೈದು ಫೋಟೋ ಆರಾಮಾಗಿ ಕೂರುತ್ತವೆ. ಆದರೆ ಇಲ್ಲಿ ಹೊಸದಾಗಿ ಶುರು ಮಾಡುವವರಿಗೆ ನಾನು ಎ4 ಅನ್ನೇ ಹೇಳುತ್ತೇನೆ. ಹಾಳೆ, ಕವರು, ಫೈಲು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ, ಮನೆಯ ಸ್ಕ್ಯಾನರಿಗೆ ಪುಟ ಪೂರ್ತಿ ಹಿಡಿಯುತ್ತದೆ, 4×6 ಇಂಚಿನ ಎರಡು ಫೋಟೋ ಒಂದರ ಕೆಳಗೊಂದು ಇಟ್ಟರೂ ಬರೆಯೋಕೆ ಮೂರೂವರೆ ಇಂಚು ಜಾಗ ಉಳಿಯುತ್ತದೆ. ಫೈಲಿನಲ್ಲಿ ರಿಂಗು ಡಿ ಆಕಾರದ್ದು ಇರಲಿ. ಪೂರ್ತಿ ಗುಂಡಗಿನ ರಿಂಗಿನಲ್ಲಿ ಹಾಳೆಗಳು ಬಾಗಿ ತಿರುಚಿಕೊಳ್ಳುತ್ತವೆ. ಸ್ಕ್ರೂ ಹಾಕಿ ಬಿಗಿಯುವ ಆಲ್ಬಂ ಹೆಚ್ಚು ಅಂದವಾಗಿ ಕಾಣುತ್ತದೆ ನಿಜ, ಆದರೆ ನಡುವೆ ಒಂದು ಪುಟ ಸೇರಿಸಬೇಕಾದರೆ ಪೂರ್ತಿ ಬಿಚ್ಚಬೇಕು. ಸ್ಪೈರಲ್ ಪುಸ್ತಕಕ್ಕೆ ಪುಟ ಸೇರಿಸೋಕೆ ಆಗೋದೇ ಇಲ್ಲ.

ಅಂಟಿನ ವಿಷಯ. ಸೆಲ್ಲೋ ಟೇಪ್ ಬೇಡವೇ ಬೇಡ. ಅದರ ಅಂಟು ಮೊದಲು ಜಿನುಗುತ್ತದೆ, ಆಮೇಲೆ ಒಣಗಿ ಕಂದಾಗಿ ಕಲೆ ಬಿಡುತ್ತದೆ. ಮೈದಾ ಹಿಟ್ಟಿನ ಅಂಟು ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ಸಂರಕ್ಷಣಾಲಯಗಳಲ್ಲಿ ಗೋಧಿಯ ಪಿಷ್ಟದ ಅಂಟನ್ನೇ ಬಳಸುತ್ತಾರೆ, ಅದು ನಿಜ. ಆದರೆ ನಮ್ಮಲ್ಲಿ ಪುಸ್ತಕ ಕಟ್ಟುವವರು ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುವುದುಂಟು, ಅದು ಆಮ್ಲೀಯ, ಮೇಲಾಗಿ ಅದರಲ್ಲಿನ ತಾಮ್ರ ಕಾಗದ ಕೆಡುವುದನ್ನು ಚುರುಕು ಮಾಡುತ್ತದೆ. ಮೈಲುತುತ್ತ ಇಲ್ಲದ ಮೈದಾ ಅಂಟಿಗೆ ಹುಳ ಬರುತ್ತದೆ. ಹಾಗಾಗಿ ಫೋಟೋಗೆ ಅಂಟೇ ತಾಗದ ಉಪಾಯವೇ ಮೇಲು. ಆ ಹಳೇ ಕಾಲದ ಫೋಟೋ ಮೂಲೆಗಳು! ಈಗಲೂ ಸಿಗುತ್ತವೆ. ಅಂಟುವುದು ಮೂಲೆ ಮಾತ್ರ, ಫೋಟೋ ಬೇಕಾದಾಗ ಹೊರಗೆ ಬರುತ್ತದೆ.

ಪೆನ್ನು ಪಿಗ್ಮೆಂಟ್ ಶಾಯಿಯದ್ದಿರಲಿ, ಅಂದರೆ ನೀರಿನಲ್ಲಿ ಕರಗದ ಬಣ್ಣದ ನುಣುಪು ಪುಡಿಯಿಂದ ಮಾಡಿದ ಶಾಯಿ. ಸ್ಕೆಚ್ ಪೆನ್ನಿನ ಬಣ್ಣ ನೀರು ಬಿದ್ದರೆ ಹರಡುತ್ತದೆ, ಬೆಳಕಿಗೆ ಮಾಸುತ್ತದೆ.

ನೆನಪಿಗೆ ಅಂತ ಅಂಟಿಸುವ ವಸ್ತುಗಳಲ್ಲಿ ಕೆಲವು ತುಂಬಾ ಹುಷಾರಾಗಿ ನೋಡಬೇಕಾದವು. ಬಸ್ಸಿನಲ್ಲಿ ಕಂಡಕ್ಟರ್ ಮಷೀನಿನಿಂದ ಹರಿದು ಕೊಡುವ ಟಿಕೆಟ್ ಥರ್ಮಲ್ ಕಾಗದ, ಅದರ ಅಕ್ಷರ ಮೂಡುವುದು ಬಿಸಿಗೆ, ಅಳಿಸಿಹೋಗುವುದು ತಾನಾಗಿ. ಪಿವಿಸಿ ಕವರಿನೊಳಗೆ ಹಾಕಿದರೆ ಇನ್ನೂ ಬೇಗ. ಬಂದ ದಿನವೇ ಸ್ಕ್ಯಾನ್ ಮಾಡಿ, ಅದರ ಪ್ರಿಂಟ್ ಅಂಟಿಸಿ. ಪೇಪರಿನಲ್ಲಿ ಬಂದ ಸುದ್ದಿಯ ತುಣುಕಿಗೂ ಇದೇ ಮದ್ದು, ಒಳ್ಳೆ ಕಾಗದದ ಮೇಲೆ ಝೆರಾಕ್ಸ್ ತೆಗೆಸಿ. ಮೂಲ ತುಣುಕನ್ನೇ ಹಾಕಿದರೆ ಎದುರು ಪುಟದ ಮೇಲೂ ಅದರ ಕಂದು ನೆರಳು ಮೂಡುತ್ತದೆ. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನ ಪಕ್ಕದ ಫೋಟೋಗೆ ತಾಗಿದರೆ ಕಲೆ ಹೋಗಲ್ಲ, ಅದಕ್ಕೆ ಬೇರೆಯದೇ ಕವರು ಕೊಡಿ. ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇರುತ್ತದೆ, ಅದು ಬೆಳ್ಳಿಯ ಚಿತ್ರವನ್ನು ಮಂಕು ಮಾಡುತ್ತದೆ, ಹಾಗಾಗಿ ಹಳೇ ಕಪ್ಪು-ಬಿಳುಪು ಫೋಟೋಗಳನ್ನು ಕಟ್ಟು ಕಟ್ಟಿ ಇಡಬೇಡಿ. ಇನ್ನು ಅಸಲಿ ಹಳೇ ಫೋಟೋಗಳನ್ನಂತೂ ಆಕಾರಕ್ಕೆ ಕತ್ತರಿಸಲೇಬೇಡಿ, ಪ್ರತಿ ಮಾಡಿಸಿ ಅದನ್ನು ಕತ್ತರಿಸಿ.

ಶುರು ಮಾಡೋದು ಚಿಕ್ಕದಾಗಿರಲಿ. ಇಡೀ ವಂಶದ ಕಥೆ ಬೇಡ. ಒಂದು ಪ್ರವಾಸ, ಒಂದು ಗೃಹಪ್ರವೇಶ, ಮಗುವಿನ ಮೊದಲ ವರ್ಷ, ಇಷ್ಟರಲ್ಲಿ ಒಂದನ್ನು ಹಿಡಿಯಿರಿ. ಫೋಟೋಗಳನ್ನು ಆರಿಸಿ ನೆಲದ ಮೇಲೆ ಹರಡಿ, ಅಂಟಿಸುವ ಮೊದಲೇ ಯಾರು, ಎಲ್ಲಿ, ಯಾವಾಗ ಅನ್ನೋದನ್ನು ಬರೆದುಕೊಳ್ಳಿ. ಮನೆಯ ಹಿರಿಯರು ಪಕ್ಕದಲ್ಲಿ ಕೂತಿದ್ದರೆ ಇನ್ನೂ ಒಳ್ಳೇದು, ಫೋಟೋದ ಮೂಲೆಯಲ್ಲಿ ನಿಂತ ಆ ಹುಡುಗ ಯಾರ ಮಗ ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ.

ಮುಗಿದ ಆಲ್ಬಂ ಎಲ್ಲಿಡಬೇಕು? ಶೀಟು ಮಾಡಿನ ಕೆಳಗಿನ ಅಟ್ಟದಲ್ಲಿ ಬೇಡ, ಅಲ್ಲಿ ಬೇಸಿಗೆಯ ಕಾವು ವಿಪರೀತ. ಹೊರಗೋಡೆಗೆ ಒತ್ತಿಕೊಂಡ ಕಪಾಟೂ ಬೇಡ, ಮಳೆಗಾಲದಲ್ಲಿ ಗೋಡೆ ಒದ್ದೆ. ಫೋಟೋದ ಮೇಲ್ಪದರ ಜಿಲೆಟಿನ್, ಅಂದರೆ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಪ್ರೋಟೀನ್. ತೇವ ಸಿಕ್ಕರೆ ಅದು ಉಬ್ಬಿ ಅಂಟಂಟಾಗಿ ಎದುರಿನ ಪ್ಲಾಸ್ಟಿಕ್ಕಿಗೋ ಗಾಜಿಗೋ ಕಚ್ಚಿಕೊಳ್ಳುತ್ತದೆ. ಗಾಳಿಯ ತೇವ ಶೇ 65 ದಾಟಿದರೆ ಬೂಷ್ಟು ಬೆಳೆಯಲು ಅನುಕೂಲ, ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾಟಿಯೇ ಇರುತ್ತದೆ. ಅಲ್ಲಿಯವರು ಮುಚ್ಚಳ ಬಿಗಿಯಾದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಆಲ್ಬಂ ಇಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ಡಬ್ಬಿಗೆ ತುಂಬುವ ಕೆಲಸವನ್ನು ಬೇಸಿಗೆಯ ಒಣ ದಿನದಲ್ಲೇ ಮಾಡಿ ಮುಗಿಸಿ, ಮಳೆ ಹಿಡಿದ ಮೇಲೆ ಮುಚ್ಚಿದರೆ ಆ ತೇವವನ್ನೂ ಒಳಗೇ ಕೂಡಿಹಾಕಿದ ಹಾಗಾಗುತ್ತದೆ.