ಹತ್ತು ರೂಪಾಯಿ ನಾಣ್ಯದ ಪಕ್ಕ ಒಂದು ಅವರೆಕಾಳು

ಫೋಟೋಗೆ ಮಿಲಿಮೀಟರ್ ಗೊತ್ತಿಲ್ಲ. ಅದರಲ್ಲಿರುವುದು ಬರೀ ಪಿಕ್ಸೆಲ್, ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಚೌಕಗಳು. ಹಾಗಾಗಿ ಅಳೆಯಬೇಕಾದ ವಸ್ತುವಿನ ಪಕ್ಕ, ಅಳತೆ ಗೊತ್ತಿರುವ ಇನ್ನೊಂದನ್ನು ಇಡಬೇಕು. ನಾನು ಕಪ್ಪು ಹಾಳೆ ಮೇಲೆ ಒಣ ಅವರೆಕಾಳು ಹರಡಿ, ಹತ್ತು ರೂಪಾಯಿ ನಾಣ್ಯ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆದೆ. ನಾಣ್ಯದ ವ್ಯಾಸ 27 ಮಿ.ಮೀ. ಚಿತ್ರದಲ್ಲಿ ಅದು 540 ಪಿಕ್ಸೆಲ್ ಬಂತು. ಅಂದರೆ ಒಂದು ಮಿ.ಮೀ.ಗೆ 20 ಪಿಕ್ಸೆಲ್. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ನಾಣ್ಯದ ಮೇಲೆ ಗೆರೆ ಎಳೆದು, ‘ಸೆಟ್ ಸ್ಕೇಲ್’ನಲ್ಲಿ 27 ಎಂದು ತುಂಬಿದರೆ ಆಯಿತು.

ಕೈಲೆಕ್ಕ ಮಾಡುವವರು ಎಡವುವುದು ಇಲ್ಲೇ. ನನ್ನ ಒಂದು ಕಾಳಿನ ವಿಸ್ತೀರ್ಣ 30,000 ಪಿಕ್ಸೆಲ್ ಇತ್ತು. ಸುಮ್ನೆ 20ರಿಂದ ಭಾಗಿಸಿದೆ, 1,500 ಚದರ ಮಿ.ಮೀ. ಬಂತು. ಬೆಂಕಿಪೊಟ್ಟಣದಷ್ಟು ಅವರೆಕಾಳು! ವಿಸ್ತೀರ್ಣಕ್ಕೆ 20ರ ವರ್ಗ, ಅಂದರೆ 400ರಿಂದ ಭಾಗಿಸಬೇಕು. ಆಗ 75 ಬರುತ್ತದೆ. ಸುಮಾರು 12 ಮಿ.ಮೀ. ಉದ್ದ, 8 ಮಿ.ಮೀ. ಅಗಲದ ಕಾಳಿಗೆ ಇದು ಸರಿ.

ಆದರೆ ಆ 30,000 ಎಣಿಸಿದ್ದು ಹೇಗೆ? ಬೂದು ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೆ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ; 0 ಅಂದರೆ ಕಪ್ಪು, 255 ಅಂದರೆ ಬಿಳಿ. ಯಾವ ಅಂಕಿಯಿಂದ ಮೇಲೆ ‘ಕಾಳು’, ಕೆಳಗೆ ‘ಹಾಳೆ’ ಅಂತ ಹೇಳುವವರು ನಾವೇ. ಇದೇ ಥ್ರೆಶೋಲ್ಡ್. ಅದನ್ನು ಸ್ವಲ್ಪ ಸರಿಸಿ, ಅಂಚು ಸುತ್ತಲೂ ಒಂದೇ ಪಿಕ್ಸೆಲ್ ಒಳಗೆ ಹೋದರೂ ಈ ಕಾಳಿನ ವಿಸ್ತೀರ್ಣ ಹೆಚ್ಚುಕಮ್ಮಿ ಶೇ. 2ರಷ್ಟು ಇಳಿಯುತ್ತದೆ. ಹಾಗಾಗಿ ಎಲ್ಲ ಫೋಟೋಗೂ ಬೆಳಕು, ಥ್ರೆಶೋಲ್ಡ್ ಎರಡೂ ಒಂದೇ ಇರಲಿ. ಕಾಳುಗಳು ಒಂದಕ್ಕೊಂದು ತಾಗದಿರಲಿ, ತಾಗಿದರೆ ಎರಡೂ ಸೇರಿ ಒಂದೇ ಅನ್ನಿಸಿಕೊಳ್ಳುತ್ತವೆ. ಫೋನನ್ನು ತೀರಾ ಹತ್ತಿರ ಹಿಡಿಯಬೇಡಿ. ಉಬ್ಬಿದ ಕಾಳು ಕ್ಯಾಮೆರಾಗೆ ಹತ್ತಿರವಾಗಿ, ಇರುವುದಕ್ಕಿಂತ ಜಾಸ್ತಿ ದೊಡ್ಡದಾಗಿ ಕಾಣುತ್ತದೆ.

ಇನ್ನು ಜಾಗ. ಶಾಲೆಯ ಗ್ರಾಫ್ ಹಾಳೆಯಲ್ಲಿ ಮೂಲಬಿಂದು ಕೆಳಗೆ ಎಡಕ್ಕೆ ಅಲ್ವಾ? ಚಿತ್ರದಲ್ಲಿ ಅದು ಮೇಲೆ ಎಡಕ್ಕೆ. ವೈ ಅಂಕಿ ಕೆಳಗಿಳಿದಂತೆ ಏರುತ್ತದೆ. ಕಾಳು ಎಲ್ಲಿದೆ ಎಂದು ಒಂದೇ ಬಿಂದುವಿನಲ್ಲಿ ಹೇಳಲು, ಅದರ ಎಲ್ಲ ಪಿಕ್ಸೆಲ್‌ಗಳ ಎಕ್ಸ್ ಸರಾಸರಿ, ವೈ ಸರಾಸರಿ ತೆಗೆಯುತ್ತೇವೆ. ಸಾವಿರಾರು ಪಿಕ್ಸೆಲ್‌ಗಳ ಸರಾಸರಿ ಆದ್ದರಿಂದ 412.37 ಅಂತ ಬಂದರೆ ಗಾಬರಿ ಬೇಡ. ಪಿಕ್ಸೆಲ್‌ಗಿಂತ ಸೂಕ್ಷ್ಮವಾದ ಉತ್ತರ ಸಿಗುವುದು ಹೀಗೆಯೇ. ಇದೇ ಲೆಕ್ಕವನ್ನು ಬಾಗಿದ ಗೋಡಂಬಿಗೆ ಮಾಡಿ ನೋಡಿ. ಬಿಂದು ಗೋಡಂಬಿಯ ಹೊರಗೆ, ಖಾಲಿ ಹಾಳೆ ಮೇಲೆ ಬಿದ್ದರೂ ಲೆಕ್ಕ ಸರಿಯಾಗಿಯೇ ಇರುತ್ತದೆ.