ಐಸಿಗಿಂತ ಒದ್ದೆ ಗೋಣಿಚೀಲ ಮೇಲು

ಬೇಸಿಗೆ ಬಂತೆಂದರೆ ಟೇಬಲ್ ಫ್ಯಾನಿನ ಮುಂದೆ ಐಸ್ ತುಂಬಿದ ಪಾತ್ರೆ ಇಡುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಹುಬ್ಬಳ್ಳಿ, ಗದಗದಂಥ ಒಣಹವೆಯ ಊರುಗಳಲ್ಲಿ ಇದಕ್ಕಿಂತ ದಂಡದ ಕೆಲಸ ಇನ್ನೊಂದಿಲ್ಲ. ಅದರ ಬದಲು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಬೇಕು. ಕರಗಿದ ನೀರು ಕೋಣೆಯಷ್ಟೇ ಬೆಚ್ಚಗಾಗುವ ಹೊತ್ತಿಗೆ ಇನ್ನೊಂದು 130 ಕಿಲೋಜೂಲ್ ಹೀರೀತು. ಅಷ್ಟೇ ನೀರು ಒದ್ದೆ ಬಟ್ಟೆಯಿಂದ ಆವಿಯಾಗಿ ಹೋಗಲು ಸುಮಾರು 2,400 ಕಿಲೋಜೂಲ್ ಬೇಕು, ಅಂದರೆ ಐದು ಪಟ್ಟು. ಅದನ್ನೆಲ್ಲ ಅದು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮೇಲಾಗಿ, ಐಸನ್ನು ಮನೆಯ ಫ್ರಿಜ್ಜಿನಲ್ಲೇ ಮಾಡಿದ್ದರೆ, ನೀರಿನಿಂದ ತೆಗೆದ ಶಾಖವನ್ನೂ ತಾನು ನುಂಗಿದ ವಿದ್ಯುತ್ತಿನ ಶಾಖವನ್ನೂ ಫ್ರಿಜ್ ಆಗಲೇ ಅಡುಗೆಮನೆಗೆ ಸುರಿದಿರುತ್ತದೆ.

ಪ್ಲಾಸ್ಟಿಕ್ ಬಾಟಲಿಗಳ ಕೂಲರ್ ಇನ್ನೂ ದೊಡ್ಡ ಸುಳ್ಳು. ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ, ಹಲಗೆಯ ತೂತುಗಳಿಗೆ ಸಿಕ್ಕಿಸಿ ಕಿಟಕಿಗೆ ಕಟ್ಟಿದರೆ, ಕಿರಿದಾದ ಕತ್ತಿನಲ್ಲಿ ನುಗ್ಗುವ ಗಾಳಿ ಐದು ಡಿಗ್ರಿ ತಣ್ಣಗಾಗುತ್ತದೆ ಎಂಬ ಮಾತು 2016ರಲ್ಲಿ ಬಾಂಗ್ಲಾದೇಶದಿಂದ ಹಬ್ಬಿತು. ಗದಗ ಸೀಮೆಯಲ್ಲಿ ಗಾಳಿಗೇನೂ ಬರವಿಲ್ಲ. ಕಪ್ಪತಗುಡ್ಡದ ಆಸುಪಾಸಿನ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಆದರೆ ಬಾಟಲಿಯ ಕತ್ತಿನಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ವೇಗ ಪಡೆದರೂ ಉಷ್ಣತೆ ಇಳಿಯುವುದು 0.2 ಡಿಗ್ರಿ. ಕೋಣೆಯೊಳಗೆ ಬಂದು ವೇಗ ಕಳೆದುಕೊಂಡೊಡನೆ ಅದೂ ಇಲ್ಲ. ತುಟಿ ಚೂಪು ಮಾಡಿ ಅಂಗೈಗೆ ಊದಿದರೆ ತಣ್ಣಗಿರುತ್ತದಲ್ಲ ಎಂದು ವಾದಿಸುವವರಿದ್ದಾರೆ. ಆ ಉಸಿರು ದಾರಿಯಲ್ಲಿ ಕೋಣೆಯ ಗಾಳಿಯನ್ನು ಎಳೆದುಕೊಂಡು ಬರುವುದರಿಂದ ಹಾಗನ್ನಿಸುತ್ತದೆ. ಕೋಣೆಯೇ 40 ಡಿಗ್ರಿ ಇರುವಾಗ ಊದಿ ನೋಡಲಿ.

ನಮ್ಮ ಕಡೆ ನಿಜವಾಗಿ ಕೈಹಿಡಿಯುವುದು ಗಾಳಿಯ ಒಣತನ. ಏಪ್ರಿಲ್ ಮಧ್ಯಾಹ್ನ ಗದಗದಲ್ಲಿ 39 ಡಿಗ್ರಿ ಬಿಸಿಲು, ಗಾಳಿಯ ತೇವಾಂಶ ಶೇ 20 ಇದೆ ಎನ್ನಿ. ಆಗ ನೀರು ಆವಿಯಾಗುವುದರಿಂದಲೇ ಒದ್ದೆ ಬಟ್ಟೆ 22 ಡಿಗ್ರಿಯವರೆಗೆ ಇಳಿಯಬಲ್ಲದು. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 60 ಇದ್ದರೆ ಅದೇ ಬಟ್ಟೆ 27ರಿಂದ 28ರಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಕರಾವಳಿಯ ನೆಂಟರಿಗೆ ಈ ಉಪಾಯ ಹೇಳಿ ಬೈಸಿಕೊಳ್ಳಬೇಡಿ. ಅಂಗಡಿಯ ಒಳ್ಳೆಯ ಕೂಲರ್ ಗಾಳಿಗೂ ಒದ್ದೆ ಬಟ್ಟೆಗೂ ಇರುವ ಈ ಅಂತರದ ಮುಕ್ಕಾಲು ಪಾಲನ್ನು ಇಳಿಸುತ್ತದೆ. ಕಿಟಕಿಗೆ ಕಟ್ಟಿದ ಗೋಣಿಚೀಲ ಅಷ್ಟು ದೂರ ಹೋಗದಿದ್ದರೂ ವ್ಯತ್ಯಾಸ ಮೈಗೆ ತಿಳಿಯುತ್ತದೆ.

ಚೀಲವನ್ನು ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗಾಳಿ ಒಳಬರುವ, ನೆರಳಿರುವ ಕಿಟಕಿಗೆ ಕಟ್ಟಬೇಕು. ಎದುರಿನ ಬಾಗಿಲನ್ನು ತುಸು ತೆರೆದಿಡಬೇಕು. ತಂಪು ಹೊರಗೆ ಹೋಗುತ್ತದೆಂದು ಎಲ್ಲವನ್ನೂ ಮುಚ್ಚಿದರೆ ಕೋಣೆಯಲ್ಲಿ ಆವಿ ತುಂಬಿ, ಅರ್ಧ ಗಂಟೆಯಲ್ಲಿ ಮಂಗಳೂರೇ ಮನೆಗೆ ಬಂದಂತಾಗುತ್ತದೆ.

ಇಂದು ಈ ಉಪಾಯ ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ನೆರಳಿನಲ್ಲಿ ಗಾಳಿಗೆ ಇಟ್ಟ ಮಣ್ಣಿನ ಹರವಿಯ ನೀರು ಒದ್ದೆ ಬಟ್ಟೆಯ ಉಷ್ಣತೆಯ ಹತ್ತಿರಕ್ಕೇ ಇಳಿಯುತ್ತದೆ. ಅದನ್ನು ಕುಡಿದು ಹಲ್ಲು ಜುಮ್ಮೆಂದರೆ ಚೀಲ ನೆನೆಸಿ. ಮೇ ತಿಂಗಳ ಕೊನೆಗೆ ಮೋಡ ಕವಿದು ಧಗೆ ಏರಿದಾಗ ಅದೇ ನೀರು ಸಪ್ಪೆ ಎನ್ನಿಸುತ್ತದೆ. ಅಂದು ನೀರು ಚೆಲ್ಲುವುದು ವ್ಯರ್ಥ, ಬರಿಯ ಫ್ಯಾನ್ ಸಾಕು. ಹರವಿ ಹಳತಾದರೆ ಮಾತ್ರ ಅದನ್ನು ನಂಬಬೇಡಿ. ನಮ್ಮ ಬೋರ್‌ವೆಲ್ ನೀರಿನ ಲವಣಗಳು ಅದರ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತವೆ, ಹೊರಮೈ ಬೆವರುವುದು ನಿಲ್ಲುತ್ತದೆ. ಕೂಲರಿನ ಹುಲ್ಲಿನ ಮೇಲೆ ಕಟ್ಟುವ ಬಿಳಿ ಪೊರೆಯೂ ಅದೇ.

ಸವಣೂರಿನ ಎಲೆ ವ್ಯಾಪಾರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ವೀಳ್ಯದೆಲೆಯ ಮೇಲೆ ಒದ್ದೆ ಬಟ್ಟೆ ಹೊದಿಸಿಯೇ ಆತ ವ್ಯಾಪಾರಕ್ಕೆ ಕೂರುತ್ತಾನೆ. ಉತ್ತರ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ದೊಡ್ಡ ಮಡಕೆಯೊಳಗೆ ಸಣ್ಣದನ್ನು ಕೂರಿಸಿ, ನಡುವೆ ಒದ್ದೆ ಮರಳು ತುಂಬಿ, ತರಕಾರಿ ಕೆಡದಂತೆ ಇಡುವ ಉಪಾಯವನ್ನು 1990ರ ದಶಕದಲ್ಲಿ ಹಳ್ಳಿಹಳ್ಳಿಗೆ ಹಂಚಿದರು. ಅಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆ, ಏಕೆಂದರೆ ಅಲ್ಲಿನ ಹವೆಯೂ ಒಣಹವೆಯೇ.

ನೀರೇ ದಿನಗಟ್ಟಲೆ ಬಿಟ್ಟು ಬರುವ ಓಣಿಗಳಲ್ಲಿ ಕಿಟಕಿಗೆ ಬಕೆಟ್ಟುಗಟ್ಟಲೆ ನೀರು ಎಲ್ಲಿಂದ ತರುವುದು? ಅಲ್ಲಿ ಕೋಣೆಯನ್ನು ಬಿಟ್ಟು ಮೈಯನ್ನು ತಂಪು ಮಾಡುವುದು ಜಾಣತನ. ಕೊರಳಿಗೂ ತೋಳಿಗೂ ಒದ್ದೆ ವಸ್ತ್ರ, ಮೇಲೆ ಫ್ಯಾನಿನ ಗಾಳಿ: ಒಂದು ತಂಬಿಗೆ ನೀರಿನಲ್ಲಿ ಕೆಲಸ ಮುಗಿಯುತ್ತದೆ. ವಯಸ್ಸಾದವರಲ್ಲಿ ಬೆವರು ಕಡಿಮೆ. ಒದ್ದೆ ಬಟ್ಟೆ ಆ ಕೊರತೆಯನ್ನು ತುಂಬುತ್ತದೆ. 40 ಡಿಗ್ರಿ ದಾಟಿದ ಮೇಲೆ ಮಾತ್ರ ಫ್ಯಾನ್ ಹಾಕಿಕೊಳ್ಳಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಏಕೆಂದರೆ ಚರ್ಮಕ್ಕಿಂತ ಬಿಸಿಯಾದ ಗಾಳಿ ಮೈಗೆ ಶಾಖವನ್ನೇ ತುಂಬುತ್ತದೆ. ಬಿಸಿಲಿಗೆ ಬಳಲಿದವರ ಮಾತು ತೊದಲಿದರೆ, ಗುರುತು ತಪ್ಪಿದರೆ ಮನೆಮದ್ದು ನಿಲ್ಲಿಸಿ, ಮೈಗೆ ನೀರು ಹಾಕುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟೆಲ್ಲ ಮಾಡಿದರೂ ರಾತ್ರಿ ಹತ್ತಕ್ಕೆ ನಿದ್ದೆ ಬಾರದಿದ್ದರೆ ತಪ್ಪು ತಲೆಯ ಮೇಲಿನ ಸ್ಲ್ಯಾಬಿನದ್ದು. ಹಗಲಿನ ಶಾಖ ಕಾಂಕ್ರೀಟನ್ನು ದಾಟಿ ಒಳಮೈಗೆ ಬರಲು ಮೂರು ನಾಲ್ಕು ತಾಸು ಹಿಡಿಯುತ್ತದೆ. ಹೊರಗೆ ತಣ್ಣಗಾಗತೊಡಗಿದ ಹೊತ್ತಿಗೆ ಒಳಗೆ ಸೂರು ಕಾಯ್ದಿರುತ್ತದೆ. ಹಳೆಯ ಮಾಳಿಗೆ ಮನೆಗಳ ಒಂದೂವರೆ ಅಡಿ ಮಣ್ಣಿನ ಗೋಡೆಯನ್ನು ದಾಟಲು ಅದೇ ಶಾಖಕ್ಕೆ ಹನ್ನೆರಡು ತಾಸಿಗೂ ಹೆಚ್ಚು ಬೇಕು. ಹಾಗೆಂದು ಮಣ್ಣಿನ ಮನೆಗೆ ಮರಳೋಣ ಎಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಆ ಗೋಡೆಗಳು ಕುಸಿದು ಜನ ಸಾಯುವ ಸುದ್ದಿ ಈ ಜಿಲ್ಲೆಗಳಿಗೆ ಹೊಸದಲ್ಲ. ತಗಡಿನ ಶೆಡ್ಡುಗಳ ಸಂಕಟ ಬೇರೆ: ಮಧ್ಯಾಹ್ನ ಬಾಣಲೆ, ರಾತ್ರಿ ಬೇಗ ತಣ್ಣಗೆ. ಹೊಳೆಯುವ ತಗಡು ಬಿಸಿಲನ್ನು ತಕ್ಕಮಟ್ಟಿಗೆ ತಿರುಗಿಸಿದರೂ ಹೀರಿದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಜಿಪುಣ.

ಈ ಎರಡೂ ಗುಣ ಒಟ್ಟಿಗೆ ಇರುವುದು ಸುಣ್ಣಕ್ಕೆ. ಹತ್ತಡಿ ಉದ್ದ, ಹತ್ತಡಿ ಅಗಲದ ತಾರಸಿಯ ಮೇಲೆ ನಡುಹಗಲು ಸುಮಾರು 9 ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. ಹಳೆಯ ಕಾಂಕ್ರೀಟ್ ಅದರಲ್ಲಿ ಮೂರನೇ ಎರಡು ಭಾಗದಷ್ಟನ್ನು ಹೀರಿದರೆ, ಹೊಸದಾಗಿ ಸುಣ್ಣ ಬಳಿದ ತಾರಸಿ ಹೀರುವುದು ನಾಲ್ಕನೇ ಒಂದರ ಆಸುಪಾಸು. ಹೀರಿದ ಆ ಶಾಖವನ್ನೂ ರಾತ್ರಿಯಿಡೀ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಆಕಾಶಕ್ಕೆ ಬಿಡುತ್ತದೆ. 2013ರಿಂದ ಬಿಸಿಗಾಳಿ ಎದುರಿಸುವ ಯೋಜನೆ ನಡೆಸುತ್ತಿರುವ ಅಹಮದಾಬಾದಿನಲ್ಲಿ ಬಡಾವಣೆಗಳ ಸೂರಿಗೆ ಬಿಳಿ ಬಣ್ಣ ಬಳಿಸಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಇನ್ನೊಂದು ಅನುಕೂಲವಿದೆ: ಧಾರವಾಡದ ಎತ್ತರ, ಸಂಜೆಯ ಪಡುವಣ ಗಾಳಿ. ಹಗಲು 37 ಇದ್ದರೂ ಬೆಳಗಿನ ಜಾವ 22ರ ಹತ್ತಿರ ಇಳಿಯುವ ಊರಿನಲ್ಲಿ, ಹೊತ್ತು ಮುಳುಗಿದ ಮೇಲೆ ಕಿಟಕಿ ತೆರೆದು, ಬೆಳಿಗ್ಗೆ ಎಂಟಕ್ಕೆ ಮುಚ್ಚುವುದಕ್ಕೆ ಬಿಡಿಗಾಸೂ ಖರ್ಚಿಲ್ಲ.

ಸುಣ್ಣಕ್ಕೆ ತುಸು ಅಂಟು ಬೆರೆಸಿ ಯುಗಾದಿಗೆ ಮೊದಲೇ ಎರಡು ಕೈ ಬಳಿದರೆ ಬೇಸಿಗೆ ಕಳೆಯುತ್ತದೆ. ಮಳೆಗೆ ತೊಳೆದು ಹೋಯಿತೆಂದು ಕೊರಗಬೇಕಾಗಿಲ್ಲ. ಡಿಸೆಂಬರಿನ ಧಾರವಾಡದಲ್ಲಿ ಬಿಳಿ ತಾರಸಿ ಯಾರಿಗೂ ಬೇಡ.