ಗಾಳಿ, ಗುಳಿಗೆ ಮತ್ತು ಸರ್ಕಾರ ಕೇಳುವ ಪುರಾವೆ

ಹುಣ್ಣಿಮೆ ಬಂತಂದ್ರೆ ಗಾಣಗಾಪುರದ ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇರಲ್ಲ. ಅಫಜಲಪುರ ತಾಲೂಕಿನ ಈ ದತ್ತ ಕ್ಷೇತ್ರಕ್ಕೆ, ಗಾಳಿ ಬಡಿದಿದೆ ಅಂತ ಮನೆಯವರನ್ನು ಕರಕೊಂಡು ಬರುವವರು ಇವತ್ತಿಗೂ ಇದ್ದಾರೆ. ಮಧ್ಯಾಹ್ನದ ಆರತಿ ಹೊತ್ತಿಗೆ ಸರಳು ಹಿಡಿದು ಕೂಗುವವರನ್ನು ನೋಡಿದರೆ ಎದೆ ಝಲ್ ಅನ್ನುತ್ತೆ. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಡಾಕ್ಟರೇ ಇಲ್ಲದ ಕಾಲದಲ್ಲಿ ಜನ ಇನ್ನೆಲ್ಲಿಗೆ ಹೋಗಬೇಕಿತ್ತು?

ಈಗ ಸರ್ಕಾರ ಮಾನಸಿಕ ಕಾಯಿಲೆಗೆ ಪುರಾವೆ ಇರುವ ಚಿಕಿತ್ಸೆ ಬೇಕು ಅನ್ನುತ್ತೆ. ಅಂಥ ಚಿಕಿತ್ಸೆಯನ್ನು ಹಳ್ಳಿಗೂ ಮುಟ್ಟಿಸಬಹುದು ಅನ್ನೋದಕ್ಕೆ ದೊಡ್ಡ ಪುರಾವೆ ಹುಟ್ಟಿದ್ದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಬಳ್ಳಾರಿಯಲ್ಲಿ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲೇ ಬಂದಿತ್ತು, ಆದರೆ ಇಡೀ ಒಂದು ಜಿಲ್ಲೆಯಲ್ಲಿ ಅದನ್ನು ನಡೆಸಿ ತೋರಿಸಬೇಕಿತ್ತಲ್ಲ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಗೆ ಬಂದರು. ಹಳ್ಳಿಗೊಬ್ಬ ಮನೋವೈದ್ಯ ಅಂತ ಕೂರಿಸಲಿಲ್ಲ, ಅಷ್ಟು ಜನ ದೇಶದಲ್ಲೇ ಇರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು, ಕೆಲವೇ ಕೆಲವು ಮಾತ್ರೆ ಸಿಗುವ ಹಾಗೆ ಮಾಡಿದರು, ಯಾರಿಗೆ ಏನಾಗಿದೆ ಅಂತ ಬರೆದಿಡೋಕೆ ಸರಳ ದಾಖಲೆ ಮಾಡಿದರು. ಇದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ದೇಶವೆಲ್ಲ ಹಬ್ಬಿತು.

ರೋಗಿಗಳನ್ನು ಸರಪಳಿಯಲ್ಲಿ ಕಟ್ಟಬಾರದು ಅನ್ನುವ ಕಾನೂನು ಬರೋಕೆ ಇನ್ನೂ ತಡವಾಯ್ತು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಇರುವ ಊರಿನ ಮಾನಸಿಕ ರೋಗಿಗಳ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡೋಕೂ ಆಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿತು. ಕಾಯಿಲೆ ಹೌದೋ ಅಲ್ಲವೋ ಅನ್ನೋದನ್ನು ಒಪ್ಪಿತ ವೈದ್ಯಕೀಯ ಮಾನದಂಡದಿಂದಲೇ ತೀರ್ಮಾನಿಸಬೇಕು, ಚಿಕಿತ್ಸೆ ಕೊಡುವ ಕೇಂದ್ರಗಳು ನೋಂದಣಿ ಮಾಡಿಸಬೇಕು ಅಂತಲೂ ಹೇಳಿತು.

ಆದರೆ ಪುರಾವೆ ಅಂದರೆ ಲೆಕ್ಕವೂ ಬೇಕಲ್ವಾ? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲೇ ಇಲ್ಲ. ಕೋಲಾರದಲ್ಲಿ ಪ್ರಾಯೋಗಿಕವಾಗಿ ಮಾಡಿ ನೋಡಿದ್ದರು, ಅಷ್ಟೇ.

ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಬಂತು, ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೆ ಮಂಗಳವಾರದ ಓಪಿಡಿ. ಅಂಥ ಒಂದು ಮಂಗಳವಾರ ನಾನೂ ಸಾಲಿನಲ್ಲಿ ಕೂತಿದ್ದೆ. ಮುಂದಿದ್ದ ಹುಡುಗನ ಮಣಿಕಟ್ಟಿನಲ್ಲಿ ಗಾಣಗಾಪುರದ ದಾರ, ತಾಯಿಯ ಚೀಲದಲ್ಲಿ ಮಾತ್ರೆ ಚೀಟಿ. ಎರಡನ್ನೂ ಬಿಟ್ಟಿರಲಿಲ್ಲ. "ಈಗ ರಾತ್ರಿ ನಿದ್ದಿ ಮಾಡ್ತಾನ್ರಿ" ಅಂದಳು ತಾಯಿ. ಸಿಬ್ಬಂದಿ ತಲೆ ಎತ್ತದೆ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಹಳೇ ರೋಗಿ, ಕೊಟ್ಟ ಮಾತ್ರೆ ಅಂತ ಬರೆದುಕೊಂಡರು. ನಿದ್ದೆ ಬಂದದ್ದನ್ನು ಬರೆಯೋಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ.